ಹೇಳಿದ್ದು, ಅಲ್ಲಗಳೆದದ್ದು, ಹೇಳದೆ ಬಿಟ್ಟದ್ದು: ಚೀನಾದ ವೈದ್ಯರ ಇಂಗ್ಲಿಷ್ ಓದು

(ದತ್ತಿ ಉಪನ್ಯಾಸದ ಲಿಖಿತ ರೂಪ)



ವೈದ್ಯವೃತ್ತಿಯೂ ಭಾಷೆಯೂ ಸೇರುವ ಒಂದು ವಿಷಯದ ಮೇಲೆ ವರ್ಷಕ್ಕೊಮ್ಮೆ ಮಾತಾಗಬೇಕು ಎಂಬುದು ಈ ದತ್ತಿಯನ್ನಿಟ್ಟವರ ಆಶಯ. ಇಂಥ ವೇದಿಕೆಗಳಲ್ಲಿ ಸಾಮಾನ್ಯವಾಗಿ ಕನ್ನಡದ ವೈದ್ಯಸಾಹಿತ್ಯ, ರೋಗಿಯೊಡನೆ ಮಾತಾಡುವ ಬಗೆ ಮುಂತಾದ ವಿಷಯಗಳು ಬರುತ್ತವೆ. ನಾನು ಇಂದು ಸ್ವಲ್ಪ ದೂರ ಹೋಗಿ ಬರುತ್ತೇನೆ. ಚೀನಾದ ವೈದ್ಯರು, ದಾದಿಯರು, ಔಷಧತಜ್ಞರು ಇಂಗ್ಲಿಷಿನ ಪದಗಳನ್ನು ಕಲಿಯಲು, ಇಂಗ್ಲಿಷ್ ಗದ್ಯವನ್ನು ಓದಿ ಅರ್ಥಮಾಡಿಕೊಳ್ಳಲು ಮಾಡಿದ ದೀರ್ಘ ಅಭ್ಯಾಸ ನನ್ನ ವಿಷಯ. ಅವರದ್ದು ತಮ್ಮ ನುಡಿಯಲ್ಲೇ ವೈದ್ಯಶಾಸ್ತ್ರವನ್ನು ಕಲಿಸುವ ದೇಶ. ರೋಗಿಯೂ ಚೀನೀ, ಪಠ್ಯವೂ ಚೀನೀ, ಕೇಸ್ ಶೀಟೂ ಚೀನೀ. ಆದರೂ ಬಡ್ತಿ ಬೇಕೆಂದರೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕು ಎಂಬ ನಿಯಮ ಅಲ್ಲಿ ಸುಮಾರು ಎರಡು ದಶಕ ನಡೆಯಿತು. ಆ ಪರೀಕ್ಷೆ ಏಕೆ ಬಂತು, ಏನನ್ನು ಅಳೆಯಿತು, ಏಕೆ ಹೋಯಿತು ಎಂಬುದರಲ್ಲಿ ವೈದ್ಯಕೀಯ ಓದಿನ ಬಗ್ಗೆ ನಮಗೂ ಬೇಕಾದ ಒಂದು ಪಾಠವಿದೆ ಎಂದು ನನ್ನ ನಂಬಿಕೆ.

1. ಮೊದಲು ಅನುವಾದ, ಆಮೇಲೆ ಇಂಗ್ಲಿಷ್

ಪಾಶ್ಚಾತ್ಯ ವೈದ್ಯಶಾಸ್ತ್ರ ಚೀನಾಕ್ಕೆ ಮುಖ್ಯವಾಗಿ ಬಂದದ್ದು ಮಿಷನರಿಗಳ ಜೊತೆ. 1835ರಲ್ಲಿ ಅಮೆರಿಕದ ಪೀಟರ್ ಪಾರ್ಕರ್ ಕ್ಯಾಂಟನ್ ನಗರದಲ್ಲಿ ಕಣ್ಣಿನ ಆಸ್ಪತ್ರೆ ತೆರೆದ. ಅವನ ನಂತರ ಬಂದ ಇಂಗ್ಲಿಷ್ ವೈದ್ಯ ಬೆಂಜಮಿನ್ ಹಾಬ್ಸನ್ 1851ರಲ್ಲಿ ಅಂಗರಚನಾಶಾಸ್ತ್ರದ ಪುಸ್ತಕವೊಂದನ್ನು ಚೀನೀ ಭಾಷೆಯಲ್ಲೇ ಹೊರತಂದ. 1858ರಲ್ಲಿ ಇಂಗ್ಲಿಷ್–ಚೀನೀ ವೈದ್ಯಕೀಯ ಪದಕೋಶವನ್ನೂ ಪ್ರಕಟಿಸಿದ. ಅರ್ಧ ಶತಮಾನದ ಬಳಿಕ, 1908ರಲ್ಲಿ, ಫಿಲಿಪ್ ಕೌಸ್‌ಲೆಂಡ್ ಸಿದ್ಧಪಡಿಸಿದ ದೊಡ್ಡ ವೈದ್ಯ ನಿಘಂಟು ಬಂತು. ಅದು ಮತ್ತೆ ಮತ್ತೆ ಪರಿಷ್ಕಾರಗೊಂಡು ಬಹುಕಾಲ ಬಳಕೆಯಲ್ಲಿತ್ತು. ಅಂದರೆ ಮೊದಲ ತಲೆಮಾರಿನ ಮಿಷನರಿ ವೈದ್ಯರಲ್ಲಿ ಹಲವರು ವಿದ್ಯಾರ್ಥಿಗೆ ಇಂಗ್ಲಿಷ್ ಕಲಿಸುವುದಕ್ಕಿಂತ ಶಾಸ್ತ್ರವನ್ನು ಚೀನೀ ಮಾಡುವುದೇ ಮುಖ್ಯ ಎಂದುಕೊಂಡಿದ್ದರು.

ಇನ್ನೊಂದು ದಾರಿಯೂ ಜೊತೆಯಲ್ಲೇ ತೆರೆಯಿತು. 1887ರಲ್ಲಿ ಹಾಂಗ್‌ಕಾಂಗಿನಲ್ಲಿ ಚೀನೀಯರಿಗಾಗಿಯೇ ಸ್ಥಾಪಿಸಿದ ವೈದ್ಯ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿಂದ 1892ರಲ್ಲಿ ಪದವಿ ಪಡೆದು ಹೊರಬಂದವನೇ ಮುಂದೆ ಚೀನಾ ಗಣರಾಜ್ಯದ ಸ್ಥಾಪಕನೆನಿಸಿದ ಸುನ್ ಯಾತ್ ಸೆನ್. ಬೀಜಿಂಗಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಹೊಸದಾಗಿ ಕಟ್ಟಿದ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜು 1921ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯೂ ಬೋಧನಾ ಮಾಧ್ಯಮ ಇಂಗ್ಲಿಷ್. ಶಾಂಘೈಯಲ್ಲಿ 1907ರಲ್ಲಿ ಶುರುವಾದ, ಮುಂದೆ ಟೊಂಗ್‌ಜೀ ಎಂದು ಹೆಸರಾದ ವೈದ್ಯ ಶಾಲೆಯಲ್ಲಿ ಜರ್ಮನ್. ಜಪಾನಿಗೆ ಹೋಗಿ ಕಲಿತು ಬಂದವರು ಬೇರೆ. ಹೀಗಾಗಿ 1920–30ರ ದಶಕಗಳಲ್ಲಿ ಚೀನಾದ ವೈದ್ಯಲೋಕ ‘ಇಂಗ್ಲಿಷ್–ಅಮೆರಿಕನ್ ಬಣ’, ‘ಜರ್ಮನ್–ಜಪಾನೀ ಬಣ’ ಎಂದು ಒಡೆದಿತ್ತು. ಬಣಗಳು ಹುಟ್ಟಿದ್ದು ಔಷಧದ ಭೇದದಿಂದಲ್ಲ, ಕಲಿತ ಭಾಷೆಯ ಭೇದದಿಂದ.

ಆ ಕಾಲದ ಒಂದು ಕಥೆ ಚೀನಾದಲ್ಲಿ ಇಂದಿಗೂ ಮನೆಮಾತು. 1921ರಲ್ಲಿ ಪೀಕಿಂಗ್ ಯೂನಿಯನ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತಿದ್ದ ಲಿನ್ ಚಿಯಾವೋಜೀ ಎಂಬ ಹುಡುಗಿ, ಇಂಗ್ಲಿಷ್ ಪತ್ರಿಕೆ ಬರೆಯುತ್ತಿದ್ದಾಗ ಜೊತೆಯ ಅಭ್ಯರ್ಥಿಯೊಬ್ಬಳು ಬಿಸಿಲಿನ ಬೇಗೆಗೆ ಕುಸಿದುಬಿದ್ದಳಂತೆ. ಲಿನ್ ಪೆನ್ನು ಕೆಳಗಿಟ್ಟು ಅವಳ ಆರೈಕೆಗೆ ಎದ್ದಳು. ಪತ್ರಿಕೆ ಅರ್ಧಕ್ಕೇ ನಿಂತಿತು. ಆದರೂ ಕಾಲೇಜು ಅವಳನ್ನು ಸೇರಿಸಿಕೊಂಡಿತು ಎನ್ನುತ್ತಾರೆ. 1929ರಲ್ಲಿ ಪದವಿ ಪಡೆದ ಲಿನ್ ಚೀನಾದ ಅತ್ಯಂತ ಗೌರವಾನ್ವಿತ ಪ್ರಸೂತಿ ತಜ್ಞೆಯಾದರು. ಕಥೆ ಹೇಳುವವರು ಅದರ ನೀತಿಯಾಗಿ ಕರುಣೆಯನ್ನು ಎತ್ತಿಹಿಡಿಯುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಕೇಳುತ್ತದೆ: ವೈದ್ಯಳಾಗುವವಳ ಯೋಗ್ಯತೆಯನ್ನು ಇಂಗ್ಲಿಷ್ ಪತ್ರಿಕೆ ಎಷ್ಟರ ಮಟ್ಟಿಗೆ ಅಳೆಯಬಲ್ಲದು? ನೂರು ವರ್ಷದ ಕೆಳಗೆ ಎದ್ದ ಆ ಪ್ರಶ್ನೆಗೆ ಚೀನಾ ಸರ್ಕಾರ ಉತ್ತರ ಕೊಟ್ಟದ್ದು ಈ ಶತಮಾನದಲ್ಲಿ.

1949ರ ಕ್ರಾಂತಿಯ ನಂತರ ಗಾಳಿ ತಿರುಗಿತು. 1950ರ ದಶಕದಲ್ಲಿ ರಷ್ಯನ್ ಮೊದಲ ವಿದೇಶಿ ಭಾಷೆಯಾಯಿತು. ಸೋವಿಯತ್ ಪಠ್ಯಗಳು ಚೀನೀ ಭಾಷೆಗೆ ಬಂದವು. ವೈದ್ಯಶಿಕ್ಷಣ ಪೂರ್ತಿಯಾಗಿ ಚೀನೀ ಮಾಧ್ಯಮಕ್ಕೆ ಹೊರಳಿತು. 1960ರ ದಶಕದ ಕೊನೆಯಲ್ಲಿ ಹಳ್ಳಿಗಳಿಗೆ ಹೋದ ‘ಬರಿಗಾಲ ವೈದ್ಯ’ರ ಕೈಯಲ್ಲಿದ್ದ ಕೈಪಿಡಿ ಚೀನೀ ಭಾಷೆಯದು. 1970ರ ದಶಕದಲ್ಲಿ ಅಮೆರಿಕ ಅದನ್ನು ಇಂಗ್ಲಿಷಿಗೆ ಅನುವಾದಿಸಿಕೊಂಡಿತು. ಜ್ಞಾನ ಒಂದೇ ದಿಕ್ಕಿನಿಂದ ಹರಿಯುತ್ತದೆ ಎಂದುಕೊಂಡವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

2. ಬಡ್ತಿಗೊಂದು ಪರೀಕ್ಷೆ

1977ರಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಮತ್ತೆ ಶುರುವಾಯಿತು. ಬಾಗಿಲು ತೆರೆದ ಚೀನಾಕ್ಕೆ ಹೊರಜಗತ್ತಿನ ವಿಜ್ಞಾನವನ್ನು ಓದುವ ತುರ್ತು ಇತ್ತು. 1987ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕನೆಯ ಶ್ರೇಣಿಯ ಇಂಗ್ಲಿಷ್ ಪರೀಕ್ಷೆ ಬಂತು. ಎರಡು ವರ್ಷಕ್ಕೆ ಆರನೆಯ ಶ್ರೇಣಿಯದು. ಹಾಗಾದರೆ ಆಗಲೇ ಕೆಲಸದಲ್ಲಿದ್ದ ಎಂಜಿನಿಯರುಗಳು, ಅಧ್ಯಾಪಕರು, ವೈದ್ಯರ ಗತಿಯೇನು? ಅವರಿಗಾಗಿ ಬಂದದ್ದು ವೃತ್ತಿಪದವಿಯ ವಿದೇಶಿ ಭಾಷಾ ಪರೀಕ್ಷೆ. ಜನ ಅದನ್ನು ‘ಜಿಚೆಂಗ್ ಇಂಗ್ಯೂ’ ಎಂದರು. ಬಡ್ತಿಯ ಇಂಗ್ಲಿಷ್ ಎಂದುಕೊಳ್ಳಿ. 1990ರ ದಶಕದ ಕೊನೆಯಿಂದ ಅದು ದೇಶಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯಾಯಿತು.

ಚೀನಾದ ಆಸ್ಪತ್ರೆಯಲ್ಲಿ ವೈದ್ಯನಿಗೆ ನಾಲ್ಕು ಮೆಟ್ಟಿಲು: ನಿವಾಸಿ ವೈದ್ಯ, ಹೊಣೆಗಾರ ವೈದ್ಯ, ಉಪಮುಖ್ಯ ವೈದ್ಯ, ಮುಖ್ಯ ವೈದ್ಯ. ದಾದಿಯರಿಗೆ, ಔಷಧತಜ್ಞರಿಗೆ, ಪ್ರಯೋಗಾಲಯದವರಿಗೆ ಇದೇ ಬಗೆಯ ಏಣಿಗಳಿವೆ. ಮೇಲಿನ ಮೆಟ್ಟಿಲಿಗೆ ಸಂಬಳ, ಮನ್ನಣೆ, ರೋಗಿಯಿಂದ ಪಡೆಯುವ ಸಮಾಲೋಚನಾ ಶುಲ್ಕ ಎಲ್ಲವೂ ಹೆಚ್ಚು. ಮೆಟ್ಟಿಲು ಹತ್ತಬೇಕಾದರೆ ಸೇವಾವಧಿ, ವೃತ್ತಿ ಪರೀಕ್ಷೆ, ಪ್ರಬಂಧಗಳ ಜೊತೆಗೆ ಈ ಭಾಷಾ ಪರೀಕ್ಷೆಯ ಪ್ರಮಾಣಪತ್ರವೂ ಬೇಕಿತ್ತು. ಇಂಗ್ಲಿಷೇ ಆಗಬೇಕೆಂದಿರಲಿಲ್ಲ, ರಷ್ಯನ್, ಜಪಾನೀ, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳಿಗೂ ಅವಕಾಶವಿತ್ತು. ಇನ್ನೊಂದು ವಿಶೇಷವಿತ್ತು: ಪಾರಂಪರಿಕ ಚೀನೀ ವೈದ್ಯ ಪದ್ಧತಿಯವರು ವಿದೇಶಿ ಭಾಷೆಯ ಬದಲು ಪ್ರಾಚೀನ ವೈದ್ಯಗ್ರಂಥಗಳ ಹಳೆಯ ಚೀನೀ ಭಾಷೆಯಲ್ಲಿ ಪರೀಕ್ಷೆ ಬರೆಯಬಹುದಿತ್ತು. ನಮ್ಮಲ್ಲಿ ಆಯುರ್ವೇದದವರಿಗೆ ಸಂಸ್ಕೃತವಿದ್ದಂತೆ. ವೈದ್ಯನಾದವನು ತಾನು ಆಡುವ ಭಾಷೆಯ ಆಚೆಗಿನ ಇನ್ನೊಂದು ಭಾಷೆಯನ್ನು ಓದಬಲ್ಲವನಾಗಿರಬೇಕು ಎಂಬುದೇ ಮೂಲ ವಿಚಾರ. ವಿಚಾರ ತಪ್ಪಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರು ವಿಭಾಗ: ವಿಜ್ಞಾನ–ತಂತ್ರಜ್ಞಾನ, ಆರೋಗ್ಯ, ಸಾಮಾನ್ಯ. ಪ್ರತಿಯೊಂದರಲ್ಲೂ ಎ, ಬಿ, ಸಿ ಎಂದು ಮೂರು ಹಂತ. ಆರೋಗ್ಯ ವಿಭಾಗದ ಪತ್ರಿಕೆ ಎರಡು ಗಂಟೆಯದು: 65 ಪ್ರಶ್ನೆ, 100 ಅಂಕ. ಮೊದಲ ಭಾಗದಲ್ಲಿ 15 ವಾಕ್ಯಗಳಲ್ಲಿ ಗೆರೆ ಎಳೆದ ಪದಕ್ಕೆ ಹತ್ತಿರದ ಅರ್ಥದ ಪದವನ್ನು ಆರಿಸಬೇಕು. ಎರಡನೆಯದು, ಗದ್ಯಭಾಗವೊಂದನ್ನು ಓದಿ ಅದರ ಕೆಳಗಿನ ಏಳು ಹೇಳಿಕೆಗಳು ಸರಿಯೋ, ತಪ್ಪೋ, ಅಥವಾ ಗದ್ಯದಲ್ಲಿ ಹೇಳಿಯೇ ಇಲ್ಲವೋ ಎಂದು ತೀರ್ಮಾನಿಸುವುದು. ಮೂರನೆಯದು ಪ್ಯಾರಾದ ಸಾರ ಗುರುತಿಸಿ ವಾಕ್ಯ ಪೂರ್ತಿಗೊಳಿಸುವುದು. ನಾಲ್ಕನೆಯದೇ ಎಲ್ಲಕ್ಕಿಂತ ಭಾರ: ಮೂರು ಗದ್ಯಭಾಗ, 15 ಪ್ರಶ್ನೆ, 45 ಅಂಕ. ಆಮೇಲೆ ಕಿತ್ತುಹಾಕಿದ ವಾಕ್ಯಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು, ಕೊನೆಗೆ ಬಿಟ್ಟ ಪದಗಳನ್ನು ತುಂಬುವುದು. ಎಲ್ಲವೂ ಆಯ್ಕೆಯ ಪ್ರಶ್ನೆಗಳೇ. ಕೇಳುವುದಿಲ್ಲ, ಮಾತಾಡುವುದಿಲ್ಲ, ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯುವುದಿಲ್ಲ.

ಓದುವ ಶಕ್ತಿಯನ್ನಷ್ಟೇ ಅಳೆಯುವುದು ಆ ಪರೀಕ್ಷೆಯ ಸಂಕಲ್ಪವಾಗಿತ್ತು. ದೂರದ ಜಿಲ್ಲಾ ಆಸ್ಪತ್ರೆಯ ವೈದ್ಯ ಇಂಗ್ಲಿಷಿನಲ್ಲಿ ಭಾಷಣ ಮಾಡಬೇಕಿಲ್ಲ. ಒಂದು ಪ್ರಬಂಧ ಓದಿ ತಿಳಿದರೆ ಸಾಕು. ಈ ಮಿತವಾದ ಗುರಿಯನ್ನು ನಾನು ಮೆಚ್ಚುತ್ತೇನೆ. ಆದರೆ ಗುರಿ ಒಂದಾಗಿ ದಾರಿ ಇನ್ನೊಂದಾಯಿತು.

3. ಪದಗಳ ಲೆಕ್ಕ

ಓದಲು ಎಷ್ಟು ಪದ ಬೇಕು? ಭಾಷಾಬೋಧನೆಯ ಸಂಶೋಧಕರು ಇದನ್ನು ಅಳೆದಿದ್ದಾರೆ. ಬಾಟ್ಯಾ ಲಾಫರ್ 1989ರಲ್ಲಿ, ಗದ್ಯದ ನೂರು ಪದಗಳಲ್ಲಿ 95 ಗೊತ್ತಿದ್ದರೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ ಎಂದರು. 2000ದಲ್ಲಿ ಹು ಮತ್ತು ನೇಷನ್ ಎಂಬ ಸಂಶೋಧಕರು, ಯಾರ ಸಹಾಯವೂ ಇಲ್ಲದೆ ಸರಾಗವಾಗಿ ಓದಲು 98 ಬೇಕು ಎಂದು ತೋರಿಸಿದರು. 95 ಅಂದರೆ ಇಪ್ಪತ್ತು ಪದಕ್ಕೊಂದು ಗೊತ್ತಿಲ್ಲದ ಪದ, ಹೆಚ್ಚುಕಡಿಮೆ ಪ್ರತಿ ವಾಕ್ಯದಲ್ಲೂ ಒಂದು ಎಡವುಗಲ್ಲು. 98 ಅಂದರೆ ಐವತ್ತಕ್ಕೊಂದು. ಈ ಮೂರರ ಅಂತರ ದಾಟಲು ವರ್ಷಗಳು ಬೇಕು.

ವೈದ್ಯಕೀಯ ಇಂಗ್ಲಿಷಿನಲ್ಲಿ ಯಾವ ಪದ ಕಷ್ಟ? ಹೊರಗಿನವರು ‘ಕೋಲಿಸಿಸ್ಟೆಕ್ಟಮಿ’, ‘ಹೆಪಟೈಟಿಸ್’ ಎಂಬ ಉದ್ದುದ್ದ ಪದಗಳೇ ಕಷ್ಟ ಎಂದುಕೊಳ್ಳುತ್ತಾರೆ. ಕಲಿಸಿದವರಿಗೆ ಗೊತ್ತು, ಅವು ಸುಲಭ. ಗ್ರೀಕ್, ಲ್ಯಾಟಿನ್ ಮೂಲದ ನೂರಿನ್ನೂರು ಬೇರುಗಳನ್ನೂ ಪ್ರತ್ಯಯಗಳನ್ನೂ ಕಲಿತರೆ ಸಾವಿರಾರು ಪದಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ‘ಐಟಿಸ್’ ಎಂದರೆ ಉರಿಯೂತ, ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು. ಚೀನೀಯರಿಗೆ ಇದು ಇನ್ನೂ ಸಲೀಸು, ಏಕೆಂದರೆ ಅವರ ವೈದ್ಯಪದಗಳೂ ಯಕೃತ್ತು ಮತ್ತು ಉರಿಯೂತ ಎಂಬ ಎರಡು ಅಕ್ಷರಗಳನ್ನು ಜೋಡಿಸಿ ಕಟ್ಟಿದಂಥವೇ.

ನಿಜವಾದ ತೊಡಕು ಸಣ್ಣ ಪದಗಳಲ್ಲಿದೆ. ‘ಡಿಸ್ಚಾರ್ಜ್’ ಒಂದು ಸಾಲಿನಲ್ಲಿ ರೋಗಿಯ ಬಿಡುಗಡೆ, ಮುಂದಿನ ಸಾಲಿನಲ್ಲಿ ಗಾಯದ ಸ್ರಾವ. ‘ಕಲ್ಚರ್’ ಸಂಸ್ಕೃತಿಯಲ್ಲ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ. ‘ಕಂಪ್ಲೇಂಟ್’ ಎಂದರೆ ದೂರಲ್ಲ, ರೋಗಿ ಹೇಳಿಕೊಂಡ ತೊಂದರೆ. ‘ಪಾಸಿಟಿವ್’ ವರದಿ ಸಾಮಾನ್ಯವಾಗಿ ಕೆಟ್ಟ ಸುದ್ದಿ. ‘ರೋಗಿ ಎದೆನೋವನ್ನು ಡಿನೈ ಮಾಡುತ್ತಾನೆ’ ಎಂದರೆ ಅವನೇನೋ ಮುಚ್ಚಿಡುತ್ತಿದ್ದಾನೆಂದಲ್ಲ, ಎದೆನೋವಿಲ್ಲ ಎಂದ ಅಷ್ಟೇ. ಇವು ಸಾಮಾನ್ಯ ನಿಘಂಟಿನ ಮೊದಲ ಅರ್ಥದಲ್ಲಿ ಸಿಗುವುದಿಲ್ಲ.

ಸಾಮಾನ್ಯ ಪದಗಳಿಗೂ ಶಾಸ್ತ್ರಪದಗಳಿಗೂ ನಡುವಿನ ಇಂಥ ಪದಗಳ ಪಟ್ಟಿಯೊಂದನ್ನು ಮಾಡಿದವರು ಚೀನೀಯರೇ ಎಂಬುದು ಗಮನಿಸಬೇಕಾದ ಸಂಗತಿ. ಎಲ್ಲ ಶಾಸ್ತ್ರಗಳಿಗೂ ಸಾಮಾನ್ಯವಾದ 570 ಪದಕುಟುಂಬಗಳ ಪಟ್ಟಿಯನ್ನು ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ್ದರು. ಅದು ವೈದ್ಯರಿಗೆ ಪೂರ್ತಿ ಒಗ್ಗದು ಎಂದು ಕಂಡ ಮೂವರು ಚೀನೀ ಸಂಶೋಧಕರು, ಸುಮಾರು 10 ಲಕ್ಷ 90 ಸಾವಿರ ಪದಗಳಷ್ಟು ವೈದ್ಯಕೀಯ ಸಂಶೋಧನಾ ಪ್ರಬಂಧಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿ, 623 ಪದಕುಟುಂಬಗಳ ವೈದ್ಯಕೀಯ ಪಟ್ಟಿಯನ್ನು 2008ರಲ್ಲಿ ಹೊರತಂದರು. ಪ್ರಬಂಧದ ನೂರು ಪದಗಳಲ್ಲಿ ಹನ್ನೆರಡಕ್ಕಿಂತ ತುಸು ಹೆಚ್ಚನ್ನು ಆ ಪಟ್ಟಿಯೊಂದೇ ಆವರಿಸುತ್ತದೆ. ಬರಿಯ ರೋಗನಾಮಗಳಲ್ಲ, ಪ್ರಬಂಧ ಕಟ್ಟುವ, ಹೋಲಿಸುವ, ಅನುಮಾನಿಸುವ ಪದಗಳೂ ಅದರಲ್ಲಿವೆ. ಬಡ್ತಿ ಪರೀಕ್ಷೆಯ ಪಠ್ಯಕ್ರಮ ಮೂರು ಹಂತಗಳಿಗೆ ಸುಮಾರು ಆರು, ಐದು, ನಾಲ್ಕು ಸಾವಿರ ಪದಗಳನ್ನು ನಿಗದಿಮಾಡಿತ್ತು. ಎಷ್ಟು ಪದ ಎಂಬುದಕ್ಕಿಂತ ಯಾವ ಪದ ಎಂಬುದು ಮುಖ್ಯ ಎಂದು ಈ ಮೂವರ ಕೆಲಸ ತೋರಿಸಿಕೊಟ್ಟಿತು.

ಪದದ ಆಚೆಗೆ ವಾಕ್ಯವಿದೆ. ಚೀನೀ ಕ್ರಿಯಾಪದಕ್ಕೆ ಇಂಗ್ಲಿಷಿನಂತೆ ಕಾಲಕ್ಕೆ ತಕ್ಕ ರೂಪವಿಲ್ಲ. ನಾಮಪದಕ್ಕೆ ಸಾಮಾನ್ಯವಾಗಿ ಬಹುವಚನದ ಗುರುತಿಲ್ಲ. ‘ನೀಡಲಾಯಿತು’, ‘ನೀಡಲಾಗಿದೆ’, ‘ನೀಡಲಾಗಿತ್ತು’ ಎಂಬ ಭೇದವನ್ನು ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳಲ್ಲಿ ಗುರುತಿಸಲು ಅವರು ವಿಶೇಷವಾಗಿ ಕಲಿಯಬೇಕು. ಇನ್ನೊಂದು ವಿಷಯದಲ್ಲಿ ಅವರೂ ನಾವೂ ಒಂದೇ ದೋಣಿಯವರು. ನಾವು ‘ನಿನ್ನೆ ಬಂದ ರೋಗಿ’ ಎನ್ನುತ್ತೇವೆ. ವಿವರ ಮೊದಲು, ರೋಗಿ ಕೊನೆಗೆ. ಚೀನೀ ವಾಕ್ಯವೂ ಹಾಗೆಯೇ. ಇಂಗ್ಲಿಷ್ ರೋಗಿಯನ್ನು ಮುಂದಿಟ್ಟು ವಿವರಗಳನ್ನು ಅವನ ಬೆನ್ನಿಗೆ ಕಟ್ಟುತ್ತದೆ. ಮೂರು ಸಾಲಿನ ವಾಕ್ಯದಲ್ಲಿ ‘ವಿಚ್’, ‘ಹೂಮ್’ ಎಂದು ಕೊಂಡಿಗಳು ಬೆಳೆದಾಗ ಬೀಜಿಂಗಿನ ಓದುಗನೂ ಬೀದರಿನ ಓದುಗನೂ ಎಡವುವುದು ಒಂದೇ ಜಾಗದಲ್ಲಿ. ಕನ್ನಡದ ವಿದ್ಯಾರ್ಥಿಗೆ ವೈದ್ಯಕೀಯ ಇಂಗ್ಲಿಷ್ ಕಲಿಸುವವರು ಇಂಗ್ಲೆಂಡಿನ ಪುಸ್ತಕಗಳಿಗಿಂತ ಚೀನಾದ ಅನುಭವವನ್ನು ನೋಡಬೇಕು ಎನ್ನಲು ಇದೊಂದು ಕಾರಣ.

4. ಮೂರನೆಯ ಉತ್ತರ

ಈಗ ಆ ಪತ್ರಿಕೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆಯ ತಿರುಳು ಅದು. ಅದಕ್ಕಿದ್ದದ್ದು ಏಳೇ ಅಂಕ.

ನಾನೇ ಒಂದು ಮಾದರಿ ಕಟ್ಟುತ್ತೇನೆ. ಗದ್ಯಭಾಗ ಹೀಗಿದೆ ಎಂದುಕೊಳ್ಳಿ: ‘ಒಂದು ಊರಿನ ಹಿರಿಯರನ್ನು ಪರೀಕ್ಷಿಸಿದಾಗ, ದಿನಾ ಎರಡು ಬಟ್ಟಲು ಹಸಿರು ಚಹಾ ಕುಡಿಯುವವರ ರಕ್ತದೊತ್ತಡ, ಕುಡಿಯದವರಿಗಿಂತ ಸರಾಸರಿಯಲ್ಲಿ ಕಡಿಮೆ ಇತ್ತು.’ ಕೆಳಗೆ ಮೂರು ಹೇಳಿಕೆ. ಒಂದು: ಚಹಾ ಕುಡಿಯುವ ಹಿರಿಯರಲ್ಲಿ ರಕ್ತದೊತ್ತಡ ಕಡಿಮೆ ಕಂಡುಬಂತು. ಸರಿ. ಎರಡು: ಎರಡು ಗುಂಪಿನಲ್ಲೂ ರಕ್ತದೊತ್ತಡ ಒಂದೇ ಇತ್ತು. ತಪ್ಪು. ಮೂರು: ಚಹಾ ಕುಡಿದರೆ ರಕ್ತದೊತ್ತಡ ಇಳಿಯುತ್ತದೆ. ಇಲ್ಲಿ ನಮ್ಮ ಕೈ ‘ಸರಿ’ಯ ಕಡೆಗೆ ಓಡುತ್ತದೆ. ಸರಿಯುತ್ತರ: ಹೇಳಿಲ್ಲ. ಚಹಾ ಕುಡಿಯುವವರು ಬೇರೆ ರೀತಿಯಲ್ಲೂ ಆರೋಗ್ಯವಂತರಿರಬಹುದು, ಉಪ್ಪು ಕಡಿಮೆ ತಿನ್ನುವವರಿರಬಹುದು. ಗದ್ಯ ಕಂಡದ್ದನ್ನು ಹೇಳಿತು, ಕಾರಣವನ್ನು ಹೇಳಲಿಲ್ಲ.

ವೈದ್ಯನ ಓದಿನಲ್ಲಿ ಅಪಾಯ ಹುಟ್ಟುವುದು ಈ ಮೂರನೆಯ ಹೇಳಿಕೆಯಲ್ಲಿ. ವಯಸ್ಕರ ಮೇಲೆ ನಡೆದ ಪ್ರಯೋಗವನ್ನು ಓದಿ ಮಗುವಿಗೆ ಔಷಧ ಬರೆಯುವುದು, ‘ವ್ಯತ್ಯಾಸ ಕಾಣಲಿಲ್ಲ’ ಎಂಬುದನ್ನು ‘ಎರಡೂ ಸಮಾನ’ ಎಂದು ಓದಿಕೊಳ್ಳುವುದು, ‘ಇರಬಹುದು’ ಎಂಬುದನ್ನು ‘ಇದೆ’ ಮಾಡುವುದು, ಇವೆಲ್ಲ ಹೇಳದೆ ಬಿಟ್ಟದ್ದನ್ನು ಹೇಳಿದ್ದೆಂದು ಓದುವ ಬಗೆಗಳೇ. ಶಬ್ದಸಂಪತ್ತು ಎಷ್ಟೇ ಇದ್ದರೂ ಈ ಶಿಸ್ತು ತಾನಾಗಿ ಬರುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯಾದವರೂ ಇಲ್ಲಿ ಎಡವುತ್ತಾರೆ. ಅಪರಿಚಿತ ಭಾಷೆಯನ್ನು ನಿಧಾನವಾಗಿ ಓದುವವನಿಗೆ ಇದನ್ನು ರೂಢಿಸಿಕೊಳ್ಳುವ ಅವಕಾಶ ಇನ್ನೂ ಹೆಚ್ಚು, ಏಕೆಂದರೆ ಅವನು ಪ್ರತಿ ಪದದ ಬಳಿಯೂ ನಿಲ್ಲುತ್ತಾನೆ.

ಪರೀಕ್ಷೆ ಈ ಅವಕಾಶವನ್ನು ಕೈಬಿಟ್ಟಿತು. ಕಾರಣಗಳು ಸರಳ. ಮೊದಲನೆಯದು, ಪರೀಕ್ಷಾ ಕೊಠಡಿಗೆ ನಿಘಂಟು ಒಯ್ಯಬಹುದಿತ್ತು. ಉದ್ದೇಶ ಒಳ್ಳೆಯದೇ, ವೈದ್ಯ ಮನೆಯಲ್ಲೂ ನಿಘಂಟು ನೋಡಿಯೇ ಓದುತ್ತಾನೆ. ಆದರೆ ಈ ಪರೀಕ್ಷೆಗೆಂದೇ ಸಮಾನಾರ್ಥಕಗಳನ್ನು ಪೋಣಿಸಿದ ನಿಘಂಟುಗಳು ಮಾರುಕಟ್ಟೆಗೆ ಬಂದವು. ಪದಪ್ರಶ್ನೆಗೆ ಓದಬೇಕಾದದ್ದು ವಾಕ್ಯವನ್ನಲ್ಲ, ನಿಘಂಟಿನ ಒಂದು ಸಾಲನ್ನು ಎಂದಾಯಿತು. ಎರಡನೆಯದು, ವರ್ಷವರ್ಷವೂ ಬರುತ್ತಿದ್ದ ಅಧಿಕೃತ ಅಭ್ಯಾಸಪುಸ್ತಕದ ಕೆಲವು ಗದ್ಯಭಾಗಗಳೇ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಕೋಚಿಂಗ್ ತರಗತಿಗಳು ಯಾವ ಪಾಠ ಬರಬಹುದು ಎಂಬ ಊಹೆಯ ಮೇಲೆ ನಡೆದವು. ರಾತ್ರಿ ಪಾಳಿ ಮುಗಿಸಿದ ವೈದ್ಯ, ಮನೆಮಕ್ಕಳ ನಡುವೆ ಬಿಡುವು ಹುಡುಕುವ ದಾದಿ, ಗದ್ಯವನ್ನು ಬಾಯಿಪಾಠ ಮಾಡಿದರು. ಮೂರನೆಯದು, ಪ್ರಾಂತ್ಯಗಳು ತಮ್ಮ ವ್ಯಾಪ್ತಿಗೆ ಮಾತ್ರ ಸಲ್ಲುವ ಕಡಿಮೆ ಉತ್ತೀರ್ಣಾಂಕ ಇಟ್ಟುಕೊಳ್ಳಬಹುದಿತ್ತು. ಹಾಗಾಗಿ ಪ್ರಮಾಣಪತ್ರದ ಬೆಲೆ ಊರಿಂದ ಊರಿಗೆ ಬದಲಾಯಿತು. ಪ್ರಮಾಣಪತ್ರ ಸಿಕ್ಕ ಮಾರನೆಯ ದಿನ ಪುಸ್ತಕ ಅಟ್ಟಕ್ಕೆ ಸೇರಿತು.

ಯಾರನ್ನು ದೂರಬೇಕು? ಬಾಯಿಪಾಠ ಮಾಡಿದ ವೈದ್ಯನನ್ನಲ್ಲ. ಅವನ ಆಸ್ಪತ್ರೆಗೆ ಇಂಗ್ಲಿಷ್ ವೈದ್ಯಕೀಯ ನಿಯತಕಾಲಿಕವೇ ಬರುತ್ತಿರಲಿಲ್ಲವಾದರೆ, ಓದಿದ್ದನ್ನು ಸಹೋದ್ಯೋಗಿಗಳೊಡನೆ ಚರ್ಚಿಸುವ ವಾಡಿಕೆಯೇ ಇಲ್ಲವಾದರೆ, ಓದಿಗೆ ಕಾರಣವೇ ಇರಲಿಲ್ಲ. ಕಾರಣವಿಲ್ಲದ ಓದನ್ನು ಪರೀಕ್ಷೆ ಹುಟ್ಟಿಸಲಾರದು.

5. ಓದುವ ಭಾಷೆ, ಹೇಳುವ ಭಾಷೆ

ಈ ವ್ಯವಸ್ಥೆಯ ಮೇಲೆ ಚೀನಾದೊಳಗೇ ಟೀಕೆ ಬೆಳೆಯಿತು. ಅದಕ್ಕೆ ಬಲ ಕೊಟ್ಟ ಹೆಸರು ತು ಯೂಯೂ. 1955ರಲ್ಲಿ ಬೀಜಿಂಗಿನಲ್ಲಿ ಔಷಧಶಾಸ್ತ್ರ ಓದಿ ಮುಗಿಸಿದ ಈಕೆಗೆ ಡಾಕ್ಟರೇಟ್ ಇಲ್ಲ, ವಿದೇಶದಲ್ಲಿ ವ್ಯಾಸಂಗ ಮಾಡಿದವರಲ್ಲ, ಚೀನಾದ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಇರಲಿಲ್ಲ. ನಾಲ್ಕನೆಯ ಶತಮಾನದ ಗೆ ಹೊಂಗ್ ಎಂಬವನ ವೈದ್ಯಗ್ರಂಥದಲ್ಲಿ, ಒಂದು ಹಿಡಿ ಚಿಂಗ್‌ಹಾವೋ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ಸಾಲನ್ನು ಓದಿ, ಅಲ್ಲಿ ಕುದಿಸುವ ಮಾತೇ ಇಲ್ಲವಲ್ಲ ಎಂದು ಗಮನಿಸಿದರು. ಬಿಸಿಗೆ ಸತ್ವ ಕೆಡುತ್ತಿರಬಹುದು ಎಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ ಆ ಸಾರ ಪ್ರಾಣಿಗಳ ಮಲೇರಿಯಾವನ್ನು ಪೂರ್ತಿ ಅಡಗಿಸಿತು. ಗ್ರಂಥ ಹೇಳಿದ್ದೆಷ್ಟು, ಹೇಳದ್ದೆಷ್ಟು ಎಂದು ಓದಿದ್ದರಿಂದ ಸಿಕ್ಕಿದ ಔಷಧ ಆರ್ಟಿಮಿಸಿನಿನ್. 2015ರಲ್ಲಿ ನೊಬೆಲ್ ಬಂದಾಗ ಸ್ಟಾಕ್‌ಹೋಮಿನಲ್ಲಿ ಅವರು ಉಪನ್ಯಾಸ ಕೊಟ್ಟದ್ದು ಚೀನೀ ಭಾಷೆಯಲ್ಲಿ.

ಇದೇ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡಬಾರದು. ಆರ್ಟಿಮಿಸಿನಿನ್ ಕುರಿತ ಮೊದಲ ಪ್ರಬಂಧ 1977ರಲ್ಲಿ ಚೀನೀ ಭಾಷೆಯಲ್ಲಿ ಬಂತು. ಸಂಶೋಧನಾ ತಂಡದ ವಿವರವಾದ ಇಂಗ್ಲಿಷ್ ಪ್ರಬಂಧ ‘ಚೈನೀಸ್ ಮೆಡಿಕಲ್ ಜರ್ನಲ್’ನಲ್ಲಿ ಬಂದದ್ದು 1979ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಲೇರಿಯಾ ತಜ್ಞರ ತಂಡ ಬೀಜಿಂಗಿಗೆ ಬಂದು ಅದನ್ನು ಚರ್ಚಿಸಿದ್ದು 1981ರಲ್ಲಿ. ಪ್ರಯೋಗಾಲಯದ ಗೆಲುವಿನಿಂದ ಹತ್ತು ವರ್ಷ. ಆಗಿನ ರಾಜಕೀಯ ಗೋಪ್ಯತೆ ಇದಕ್ಕೆ ದೊಡ್ಡ ಕಾರಣ. ಭಾಷೆಯ ಗೋಡೆಯೂ ಒಂದು ಕಾರಣ. ತನ್ನ ನುಡಿಯಲ್ಲಿ ಕಂಡುಹಿಡಿಯಬಹುದು, ಆದರೆ ಪ್ರಪಂಚಕ್ಕೆ ಮುಟ್ಟಿಸಲು ಸೇತುವೆ ಬೇಕೇಬೇಕು.

2016ರ ನವೆಂಬರಿನಲ್ಲಿ ಸಿದ್ಧವಾಗಿ 2017ರ ಜನವರಿಯಲ್ಲಿ ಪ್ರಕಟವಾದ ಚೀನಾದ ಆದೇಶವೊಂದು, ವೃತ್ತಿಪದವಿಗೆ ವಿದೇಶಿ ಭಾಷೆಯ ಏಕರೂಪದ ಕಡ್ಡಾಯ ಇನ್ನಿಲ್ಲ ಎಂದಿತು. ಬೇಕೋ ಬೇಡವೋ ಎಂಬುದನ್ನು ಆಯಾ ಸಂಸ್ಥೆ, ಆಯಾ ವೃತ್ತಿ ತೀರ್ಮಾನಿಸಿಕೊಳ್ಳಬಹುದು. ಅಲ್ಲಿಗೆ ದೇಶವ್ಯಾಪಿ ಪರೀಕ್ಷೆಯ ಕಾಲ ಮುಗಿಯಿತು.

ಪರೀಕ್ಷೆ ಹೋದರೂ ಪ್ರಶ್ನೆ ಹೋಗಲಿಲ್ಲ. 2020ರ ಜನವರಿ 24ರಂದು ವುಹಾನಿನ 41 ರೋಗಿಗಳ ವಿವರವಿದ್ದ ಪ್ರಬಂಧ ಲಂಡನ್ನಿನ ‘ಲ್ಯಾನ್ಸೆಟ್’ನಲ್ಲಿ ಬಂತು. ಲೋಕವೆಲ್ಲ ಅದನ್ನು ಓದಿ ಎಚ್ಚೆತ್ತಿತು. ಚೀನಾದೊಳಗೆ ಜನ ಕೇಳಿದ್ದು ಬೇರೆ: ಈ ಮಾಹಿತಿ ನಮ್ಮ ಭಾಷೆಯಲ್ಲಿ ನಮಗೆ ಮೊದಲೇ ಏಕೆ ಸಿಗಲಿಲ್ಲ? ಅದೇ ತಿಂಗಳ ಕೊನೆಯಲ್ಲಿ ಅಲ್ಲಿನ ವಿಜ್ಞಾನ ಸಚಿವಾಲಯ, ಪ್ರಬಂಧ ಪ್ರಕಟಣೆಗಿಂತ ಸೋಂಕು ತಡೆಯುವ ಕೆಲಸಕ್ಕೆ ಮನಸ್ಸು ಕೊಡಿ ಎಂದು ಸಂಶೋಧಕರಿಗೆ ಸೂಚಿಸಿತು. ಫೆಬ್ರುವರಿಯಲ್ಲಿ, ವಿದೇಶಿ ಸೂಚಿಯಲ್ಲಿ ಸೇರಿದ ಪ್ರಬಂಧಗಳ ಎಣಿಕೆಯನ್ನೇ ಅಳತೆಗೋಲು ಮಾಡಬಾರದೆಂದು ಎರಡು ಸಚಿವಾಲಯಗಳು ಹೇಳಿದವು. 2021ರಲ್ಲಿ ಆರೋಗ್ಯ ವೃತ್ತಿಯವರ ಬಡ್ತಿಗೆ ರೋಗಿಯ ಬಳಿಯ ಕೆಲಸವೇ ಮುಖ್ಯ ಮಾನದಂಡವಾಗಬೇಕೆಂಬ ಮಾರ್ಗಸೂಚಿ ಬಂತು. ಲಿನ್ ಚಿಯಾವೋಜೀ ಕಥೆ ಕೇಳಿದ್ದ ಪ್ರಶ್ನೆಗೆ ಸರ್ಕಾರಿ ಉತ್ತರ ಇದು.

ಭಾಷೆ ರೋಗಿಯ ಬಳಿಗೆ ಒಯ್ಯುವ ದಾರಿ ಎಂದು ತೋರಿಸಿದ ನಮ್ಮ ನೆರೆಯವರೊಬ್ಬರಿದ್ದಾರೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಚೀನೀ ಭಾಷೆ ಕಲಿತರು, ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನೂ ಪಾಠವನ್ನೂ ನಡೆಸಿದರು. 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡಾಗ ಅವರಿಗೆ 32 ವರ್ಷ. ಇಂದು ಕರ್ನಾಟಕದ ವಿದ್ಯಾರ್ಥಿಗಳೂ ಸೇರಿ ಸಾವಿರಾರು ಭಾರತೀಯರು ಚೀನಾದ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮದ ಎಂಬಿಬಿಎಸ್ ಓದಿದ್ದಾರೆ, ಓದುತ್ತಿದ್ದಾರೆ. ತರಗತಿಯಲ್ಲಿ ಇಂಗ್ಲಿಷ್ ಸಾಕು. ವಾರ್ಡಿಗೆ ಕಾಲಿಟ್ಟೊಡನೆ ಚೀನೀ ಬೇಕು. ಚೀನೀ ವೈದ್ಯನಿಗೆ ಪ್ರಬಂಧ ಓದಲು ಇಂಗ್ಲಿಷ್, ನಮ್ಮ ಹುಡುಗನಿಗೆ ರೋಗಿಯ ಮಾತು ತಿಳಿಯಲು ಚೀನೀ. ಓದುವ ಭಾಷೆ, ಹೇಳುವ ಭಾಷೆ ಎರಡರಲ್ಲೂ ನಡೆದಾಡಬೇಕಾದದ್ದು ಈ ವೃತ್ತಿಯ ಹಣೆಬರಹ.

6. ನಮ್ಮ ಮಟ್ಟಿಗೆ

ನಮ್ಮ ಸ್ಥಿತಿ ಚೀನಾಕ್ಕೆ ತಿರುಗುಮುರುಗು. ನಮ್ಮಲ್ಲಿ ಪಠ್ಯ ಇಂಗ್ಲಿಷ್, ರೋಗಿ ಕನ್ನಡ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾನೆ, ಆದ್ದರಿಂದ ಇಂಗ್ಲಿಷ್ ಪ್ರಬಂಧ ಓದಬಲ್ಲ ಎಂದು ನಾವು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇವೆ. ಚೀನೀಯರು ಕನಿಷ್ಠ ಅದನ್ನು ಅನುಮಾನಿಸಿ ಪರೀಕ್ಷೆಯಿಟ್ಟರು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಬಿದ್ದ ಹುಡುಗಿ ಪಠ್ಯದ ಟಿಪ್ಪಣಿ ಬಾಯಿಪಾಠ ಮಾಡಿ ಪಾಸಾಗುತ್ತಾಳೆ. ಮಂಗಳೂರಿನ ಕಡೆಯ ದಾದಿಯರು ವಿದೇಶಕ್ಕೆ ಹೋಗಲು ಭಾಷಾ ಪರೀಕ್ಷೆಗೆ ತಯಾರಾಗುತ್ತಾರೆ, ವೀಸಾ ಸಿಕ್ಕಿದ ಮೇಲೆ ಅಭ್ಯಾಸ ನಿಲ್ಲುತ್ತದೆ. 2019ರಿಂದ ಎಂಬಿಬಿಎಸ್ ಮೊದಲ ವರ್ಷಕ್ಕೆ ಬಂದಿರುವ ಬುನಾದಿ ತರಗತಿಯಲ್ಲಿ ಸ್ಥಳೀಯ ಭಾಷೆಗೂ ಇಂಗ್ಲಿಷಿಗೂ ಜಾಗವಿದೆ. ಆ ಜಾಗವನ್ನು ಸ್ಪೋಕನ್ ಇಂಗ್ಲಿಷಿಗೆ ಕೊಟ್ಟುಬಿಡುವುದು ಸುಲಭ. ಓದಿಗೆ ಕೊಡಬೇಕು.

ಈಗ ಯಂತ್ರಾನುವಾದವಿದೆ, ಓದು ಏಕೆ ಎಂದು ಕೇಳುವವರಿದ್ದಾರೆ. ಪದದ ಅರ್ಥವನ್ನು ಯಂತ್ರ ಹೇಳುತ್ತದೆ. ಗೊತ್ತಿಲ್ಲದ ಪದದ ಭಯ ಕಳೆದದ್ದು ಒಳ್ಳೆಯದೇ. ಆದರೆ ಪ್ರಬಂಧ ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನು ಹೊಣೆಯಿಂದ ನಿರ್ಧರಿಸಬೇಕಾದವನು ಔಷಧದ ಚೀಟಿಗೆ ಸಹಿ ಹಾಕುವವನೇ.

ಆದ್ದರಿಂದ ಈ ಸಭೆಯ ಮುಂದೆ ಒಂದೇ ಒಂದು ಕೋರಿಕೆ ಇಡುತ್ತೇನೆ. ಪ್ರತಿ ವೈದ್ಯ ಕಾಲೇಜು, ಶುಶ್ರೂಷಾ ಕಾಲೇಜು, ಜಿಲ್ಲಾ ಆಸ್ಪತ್ರೆ ವಾರಕ್ಕೆ ಒಂದು ಗಂಟೆ ಇಂಗ್ಲಿಷ್ ಪ್ರಬಂಧವೊಂದನ್ನು ಒಟ್ಟಿಗೆ ಓದಲಿ. ಪರೀಕ್ಷೆ ಬೇಡ, ಅಂಕ ಬೇಡ, ಪ್ರಮಾಣಪತ್ರ ಬೇಡ. ಓದಿದ ಮೇಲೆ ಕರಿಹಲಗೆಯ ಮೇಲೆ ಕನ್ನಡದಲ್ಲಿ ಮೂರು ಪಟ್ಟಿ ಬರೆಯಲಿ: ಪ್ರಬಂಧ ಹೇಳಿದ್ದೇನು, ಅಲ್ಲಗಳೆದದ್ದೇನು, ಹೇಳದೆ ಬಿಟ್ಟದ್ದೇನು. ಹಿಂದೆ ಡಾ. ಅನುಪಮಾ ನಿರಂಜನರಂಥವರು ಕನ್ನಡದ ಓದುಗರಿಗೆ ವೈದ್ಯವನ್ನು ತಿಳಿಯಾಗಿ ಹೇಳಿಕೊಟ್ಟರು. ಅಂಥ ಬರಹಕ್ಕೆ ಬೇಕಾದ ಹೊಸ ಸಾಮಗ್ರಿ ಈ ಮೂರು ಪಟ್ಟಿಗಳಲ್ಲಿ ಸಿಗುತ್ತದೆ. ಮೂರನೆಯ ಪಟ್ಟಿ ಉದ್ದವಾಗುತ್ತ ಹೋದರೆ ನಮ್ಮ ವೈದ್ಯರು ಓದಲು ಕಲಿತಿದ್ದಾರೆ ಎಂದು ತಿಳಿಯಿರಿ. ಈ ದತ್ತಿಯ ಹೆಸರಿನಲ್ಲಿ ಈ ಊರಿನ ಒಂದು ಕಾಲೇಜಾದರೂ ಈ ವರ್ಷವೇ ಅದನ್ನು ಶುರುಮಾಡಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.